ಲೂತ್ರೋಗೆ ಹೋಗುವವರೇ, ಮೀನು ಹೇಳುವ ಮೊದಲು ಇದನ್ನು ಓದಿ

ಬರೆಯಲಿಕ್ಕೇ ನಾಚಿಕೆ. ಮಲ್ಪೆ ಬಂದರಿನ ಹತ್ತಿರ ಹುಟ್ಟಿ ಮೀನು ತಿಂದೇ ಬೆಳೆದವಳು ನಾನು, ಗ್ರೀಸಿಗೆ ಹೋಗಿ ಮೀನಿನಲ್ಲೇ ಟೋಪಿ ಹಾಕಿಸಿಕೊಂಡು ಬಂದೆ.

ಊರಿನ ಬಗ್ಗೆ ತಕರಾರಿಲ್ಲ. ಕ್ರೀಟ್ ದ್ವೀಪದ ದಕ್ಷಿಣ ಕರಾವಳಿ, ಬೆಟ್ಟದ ಬುಡದಲ್ಲಿ ಒಂದಿಷ್ಟು ಬಿಳಿ ಮನೆ, ನೀಲಿ ಕಿಟಕಿ, ಎದುರಿಗೇ ಸಮುದ್ರ. ರಸ್ತೆ ಇಲ್ಲ. ಪಕ್ಕದ ಬಂದರು ಊರು ಖೋರಾ ಸ್ಫಾಕಿಯೋನ್‌ನಿಂದ ದೋಣಿ ಹತ್ತಬೇಕು, ಇಲ್ಲವೇ ಬೆಟ್ಟದ ಕಾಲುದಾರಿಯಲ್ಲಿ ನಡೀಬೇಕು. ರಸ್ತೆ ಇಲ್ಲ ಅನ್ನೋದು ನೆನಪಿರಲಿ.

ಸಂಜೆಯ ಕೊನೆ ದೋಣಿಗೆ ಮೊದಲು ಒಂದು ತಾವೆರ್ನಾಕ್ಕೆ, ಅಂದರೆ ಅಲ್ಲಿಯ ಸಣ್ಣ ಊಟದ ಹೋಟೆಲಿಗೆ, ಹೋದೆವು. ಹೆಸರು ಬೇಡ. ಯಜಮಾನ ಒಳಗೆ ಕರೆದು ಐಸಿನ ಮೇಲಿದ್ದ ಮೀನು ತೋರಿಸಿದ. ನಾನು ಮಹಾ ತಿಳಿದವಳ ಹಾಗೆ ಕಿವಿರು ಎತ್ತಿ ನೋಡಿದೆ. ಕೆಂಪಗಿತ್ತು. "ಓಹೋ, ನಿಮಗೆ ಮೀನು ಗೊತ್ತು!" ಅಂದ. ಉಬ್ಬಿಹೋದೆ. ಅಲ್ಲೇ ಬಿದ್ದದ್ದು ಮಾರಾಯ್ರೇ! ಕಿವಿರು ನೋಡಿದವಳು ತಕ್ಕಡಿ ನೋಡಲಿಲ್ಲ. ಕಿಲೋಗೆ 65 ಯೂರೋ, ಮೀನು ಒಂದು ಕಿಲೋ ಒಳಗೇ ಅಂತ ನನ್ನ ಕಣ್ಣಳತೆ.

ಬಿಲ್ ಬಂತು. ಪೆನ್ಸಿಲ್‌ನಲ್ಲಿ ಗೀಚಿದ ಚೀಟಿ. ಮೀನು 1.6 ಕಿಲೋ, 104 ಯೂರೋ. ಹತ್ತು ಸಾವಿರ ರೂಪಾಯಿಯ ಒಂದು ಮೀನು!

"ಇಷ್ಟು ತೂಕ ಹೇಗೆ?"

"ಕ್ಲೀನ್ ಮಾಡುವ ಮೊದಲಿನ ತೂಕ."

"ಅರ್ಧ ಕಿಲೋಗಿಂತ ಜಾಸ್ತಿ ಕರುಳೇ ಇತ್ತಾ?"

"ಮೇಡಂ, ಮೀನು ಆರಿಸಿದ್ದು ನೀವೇ."

"ತೂಗಿ ತೋರಿಸಲಿಲ್ಲವಲ್ಲ!"

"ನೀವು ಕೇಳಲಿಲ್ಲವಲ್ಲ."

ಪ್ರತಿ ಮಾತಿಗೂ ನಗು. ಆ ನಗು ಈಗ ನೆನೆದರೂ ಮೈ ಉರಿಯುತ್ತದೆ. ಜಗಳದ ಮಧ್ಯೆಯೇ ಎರಡು ಲೋಟ ರಾಕಿ (ಅಲ್ಲಿಯ ದ್ರಾಕ್ಷಿ ಸಾರಾಯಿ) ತಂದಿಟ್ಟು, "ಇದು ನನ್ನ ಲೆಕ್ಕದಲ್ಲಿ" ಅಂದ. ಊಟದ ಕೊನೆಗೆ ರಾಕಿ ಪುಕ್ಕಟೆ ಕೊಡೋದು ಕ್ರೀಟಿನಲ್ಲಿ ಪದ್ಧತಿಯೇ, ಇವನದೇನು ಉಪಕಾರ? ನಮ್ಮ ಯಜಮಾನರು ಕುಡಿದೂಬಿಟ್ಟರು! ಕಾರ್ಡ್ ಕೊಟ್ಟರೆ ಮಷಿನ್ ಕೆಟ್ಟಿದೆ ಅಂದ. ಆಮೇಲೆ ಸಮುದ್ರದ ಕಡೆ ಕೈ ತೋರಿಸಿ, "ನಿಮ್ಮ ದೋಣಿ ಬಂತು." ರಸ್ತೆ ಇಲ್ಲದ ಊರಲ್ಲಿ ಇನ್ನೇನು ಜಗಳ ಮಾಡಲಿ? ನೋಟು ಎಣಿಸಿ ಕೊಟ್ಟು ಓಡಿದೆವು.

ದೋಣಿಯಲ್ಲಿ ಕೂತು, ಮೊದಲೇ ತೆಗೆದಿದ್ದ ಮೆನು ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಳಗೆ ಇಂಗ್ಲಿಷಿನಲ್ಲೇ ಇತ್ತು: ರಸೀದಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಾಗಿಲ್ಲ. ಅಲ್ಲಿಯ ಕಾನೂನೇ ಅದು. ಅವನದೇ ಮೆನುವಿನಲ್ಲಿ!

ಕಣ್ಣೆದುರು ತೂಗಿಸಿ. ಒಟ್ಟು ಎಷ್ಟು ಯೂರೋ ಅಂತ ಬಾಯಿಬಿಡಿಸಿದ ಮೇಲೆಯೇ ಮೀನು ಒಲೆಗೆ ಹೋಗಲಿ. ಚೀಟಿ ಬೇಡ, ಅಚ್ಚಾದ ರಸೀದಿ ಕೇಳಿ. ಹೊಗಳಿದರೆ ಕಿವಿ ಮುಚ್ಚಿಕೊಳ್ಳಿ.

ಅಮ್ಮನಿಗೆ ಮೀನು ತಾಜಾ ಇತ್ತು ಅಂತ ಮಾತ್ರ ಹೇಳಿದ್ದೇನೆ.