ಪೊಯಾಕ್, ಸೇಂಟ್ ಎಮಿಲಿಯೋಂ, ಕೊರ್ನಾಸ್: ಹಳೆ ಕೆಂಪು ವೈನಿನಲ್ಲಿ ಮೊದಲು ಯಾವುದು?

ಮೂರೂ 2005ರ ಫಸಲಿನವು, ಮೂರೂ ಫ್ರಾನ್ಸಿನವು. ಮೊದಲೆರಡು ಬೋರ್ಡೋದವು, ಕೊನೆಯದು ರೋನ್ ನದಿ ಕಣಿವೆಯದು. ಎಳೆಯ ವೈನ್ ಕುಡಿದು ರೂಢಿ ಇರುವವರು ಹಳೆಯದಕ್ಕೆ ಮೊದಲ ಸಲ ದುಡ್ಡು ಹಾಕುವಾಗ ಯಾವುದನ್ನು ತರಬೇಕು? ಹೆಚ್ಚಿನವರು ಕಣ್ಣು ಮುಚ್ಚಿ ಪೊಯಾಕ್ ಅನ್ನುತ್ತಾರೆ. ಹೆಸರು ದೊಡ್ಡದು, ಅಲ್ವಾ? ನಾನು ಮಾತ್ರ ಹಾಗೆ ಹೇಳುವುದಿಲ್ಲ.

ಬೋರ್ಡೋ ಅಂದ ಕೂಡಲೇ ಮಲೆನಾಡಿನ ಅಡಿಕೆ ತೋಟದವರಿಗೆ ನೆನಪಾಗುವುದು ಮೈಲುತುತ್ತ, ಸುಣ್ಣ ಕಲಸಿ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಅದೂ ಇದೇ ಸೀಮೆಯದು. 1880ರ ದಶಕದಲ್ಲಿ ಮೆದೋಕ್‌ನ ದ್ರಾಕ್ಷಿ ತೋಟಗಳಲ್ಲಿ ಶುರುವಾಗಿ ನಮ್ಮ ತೋಟಗಳ ತನಕ ಬಂತು. ಪೊಯಾಕ್ ಇರುವುದೂ ಅದೇ ಮೆದೋಕ್‌ನಲ್ಲಿ, ಜಿರೋಂದ್ ಅಳಿವೆಯ ಎಡದಂಡೆಗೆ. ನೆಲವೆಲ್ಲ ಜಲ್ಲಿಕಲ್ಲು. ನೀರು ನಿಲ್ಲುವುದಿಲ್ಲ, ಕಲ್ಲು ಬಿಸಿ ಹಿಡಿದುಕೊಳ್ಳುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸುವಿನ್ಯೋಗೆ ಬೇಕಾದದ್ದೇ ಅದು. ಈ ದ್ರಾಕ್ಷಿಯ ಸಿಪ್ಪೆ ದಪ್ಪ, ಒಗರು ಜಾಸ್ತಿ.

ನಾನು ತಂದದ್ದು 1855ರ ಪಟ್ಟಿಯಲ್ಲಿ ಐದನೇ ದರ್ಜೆಯ ಒಂದು ಶಾಟೋದ (ವೈನ್ ಮಾಡುವ ತೋಟದ) ವೈನ್. ಐದನೆಯದು ಅಂತ ಮೂಗು ಮುರಿಯಬೇಡಿ. ಪ್ಯಾರಿಸ್‌ನ ವಸ್ತುಪ್ರದರ್ಶನಕ್ಕೆಂದು ಅಂದಿನ ಮಾರುಕಟ್ಟೆ ಬೆಲೆ ನೋಡಿ ಕೊಟ್ಟ ದರ್ಜೆ ಅದು. ಆಮೇಲೆ ಅದರಲ್ಲಿ ಬಡ್ತಿ ಸಿಕ್ಕಿದ್ದು ಒಂದೇ ಶಾಟೋಗೆ, 1973ರಲ್ಲಿ, ಮೂತೋಂ ರೋತ್‌ಶಿಲ್ಡ್‌ಗೆ.

ಸೇಂಟ್ ಎಮಿಲಿಯೋಂ ಬೋರ್ಡೋದ ಬಲದಂಡೆಯದು. ಜೇಡಿಮಣ್ಣು, ಸುಣ್ಣಕಲ್ಲು, ಮೆರ್ಲೋ ದ್ರಾಕ್ಷಿ. ಲೇಬಲ್ ಮೇಲೆ ‘ಗ್ರಾಂ ಕ್ರೂ’, ಅಂದರೆ ದೊಡ್ಡ ತೋಟ, ಅಂತ ಕಂಡ ತಕ್ಷಣ ಹಿಗ್ಗಬೇಡಿ, ಇಲ್ಲಿ ಆ ಹೆಸರು ಬಹಳ ಜನರ ಬಾಟಲಿ ಮೇಲಿರುತ್ತದೆ. ಪಕ್ಕದಲ್ಲಿ ‘ಕ್ಲಾಸೆ’ ಅಂತಲೂ ಇದ್ದರೆ ಮಾತ್ರ ದರ್ಜೆ ಪಡೆದದ್ದು. ಇನ್ನು ಕೊರ್ನಾಸ್ ಉತ್ತರ ರೋನ್‌ನ ಪುಟ್ಟ ಊರು. ಗ್ರಾನೈಟ್ ಇಳಿಜಾರು, ಅಲ್ಲಿ ಸಿರಾ ಬಿಟ್ಟು ಬೇರೆ ದ್ರಾಕ್ಷಿ ಸೇರಿಸುವಂತಿಲ್ಲ.

ಹಳೆ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಬೇಕು. ಒಗರಿನ ಕಣಗಳು ವರ್ಷ ಕಳೆದಂತೆ ಒಂದಕ್ಕೊಂದು ಕೂಡಿಕೊಂಡು, ಬಣ್ಣವನ್ನೂ ಎಳೆದುಕೊಂಡು ಗಷ್ಟಾಗಿರುತ್ತವೆ. ಅದು ತಳಕ್ಕೆ ಇಳಿಯಲಿ. ಸುರುಳಿ ಓಪನರ್ ಹಾಕಿದರೆ ಹಳೆ ಕಾರ್ಕ್ ಪುಡಿಯಾಗುವುದೇ ಹೆಚ್ಚು. ಎರಡು ತೆಳು ಅಲಗಿನ ಓಪನರ್ ಸಿಗುತ್ತದೆ, ಕಾರ್ಕಿನ ಎರಡೂ ಬದಿಗೆ ತೂರಿಸಿ, ತಿರುಗಿಸುತ್ತಾ ಎಳೆಯಬೇಕು. ಬಗ್ಗಿಸುವಾಗ ಬಾಟಲಿಯ ಕತ್ತಿನ ಕೆಳಗೆ ಮೇಣದಬತ್ತಿ ಇಟ್ಟರೆ ಗಷ್ಟು ಬರುವುದು ಕಾಣುತ್ತದೆ. ಬೋರ್ಡೋ ಬಾಟಲಿಗೆ ಹೆಗಲಿದೆ, ಗಷ್ಟು ಅಲ್ಲೇ ತಡೆದು ನಿಂತಿತು. ಕೊರ್ನಾಸ್ ಬಾಟಲಿಯ ಹೆಗಲು ಜಾರು, ಗಷ್ಟು ಸೀದಾ ಕತ್ತಿಗೇ ಬಂತು. ಕೊನೆಯ ಅರ್ಧ ಗ್ಲಾಸ್ ಬಾಟಲಿಯಲ್ಲೇ ಬಿಟ್ಟೆ.

ಮೊದಲ ಗುಟುಕಿಗೆ ಗೆದ್ದದ್ದು ಸೇಂಟ್ ಎಮಿಲಿಯೋಂ. ಅಂಚಿನಲ್ಲಿ ಇಟ್ಟಿಗೆ ಬಣ್ಣ ಚೆನ್ನಾಗಿ ಹರಡಿತ್ತು. ಒಣ ಅಂಜೂರ, ಅಣಬೆ, ಮಳೆಗೆ ನೆಂದ ತರಗೆಲೆ, ಎಲ್ಲ ಒಟ್ಟಿಗೇ ಮೂಗಿಗೆ ಬಂತು. ನಾಲಿಗೆ ಮೇಲೆ ಒಗರು ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ. ಆದರೆ ಒಂದು ಗಂಟೆ ದಾಟಿದ ಮೇಲೆ ಸೊರಗಿತು. ಹಣ್ಣು ಹಿಂದೆ ಸರಿದು ಹುಳಿ ಮುಂದೆ ಬಂತು.

ಪೊಯಾಕ್ ಇದರ ಉಲ್ಟಾ. ಗ್ಲಾಸಿನ ನಡುವೆ ಇನ್ನೂ ಕಡುಗೆಂಪು. ಮೊದಲಿಗೆ ಮೂಗು ಹಾಕಿದರೆ ಏನೂ ಇಲ್ಲ, ಬಿಗಿದುಕೊಂಡು ಕೂತ ಹುಡುಗನ ಥರ. ಅರ್ಧ ಗಂಟೆಗೆ ಪೆನ್ಸಿಲ್ ಕೆತ್ತಿದ ಮರದ ವಾಸನೆ. ಆಮೇಲೆ ಒಣ ಹೊಗೆಸೊಪ್ಪು, ಅದರ ಹಿಂದೆ ಸಣ್ಣಗೆ ಬ್ಲ್ಯಾಕ್‌ಕರೆಂಟ್. ಒಗರು ವಸಡಿನ ಹತ್ತಿರ ಇನ್ನೂ ಹಿಡಿಯುತ್ತಿತ್ತು, ಒರಟಾಗಿ ಅಲ್ಲ. ಎರಡು ಗಂಟೆ ಹೊತ್ತಿಗೆ ಮೂರರಲ್ಲಿ ಇದೇ ಚೆಂದ ಅನ್ನಿಸಿತು. ಅಷ್ಟು ಹೊತ್ತು ಕಾಯುವ ತಾಳ್ಮೆ ಎಲ್ಲರಿಗೂ ಇರುತ್ತದಾ?

ನನ್ನ ಮನಸ್ಸು ಹೋದದ್ದು ಕೊರ್ನಾಸ್ ಕಡೆಗೆ. ಸುಟ್ಟ ಮಾಂಸ, ಚರ್ಮ, ಆಲಿವ್, ಅದರ ಮೇಲೆ ಆಗ ತಾನೇ ಕುಟ್ಟಿದ ಕಾಳುಮೆಣಸು. ಕಾಳುಮೆಣಸು ಅಂತ ಸುಮ್ನೆ ಬಣ್ಣ ಕಟ್ಟಿ ಹೇಳುತ್ತಿಲ್ಲ. ಸಿರಾದಲ್ಲಿ ಆ ವಾಸನೆ ಕೊಡುವ ವಸ್ತು ರೊಟಂಡೋನ್, ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಗುರುತಿಸಿದರು. ಸಕಲೇಶಪುರದ ಮೆಣಸಿನಲ್ಲಿರುವುದೂ ಅದೇ. ಇಪ್ಪತ್ತು ವರ್ಷದ ಮೇಲೂ ಆ ವಾಸನೆ ಪೂರ್ತಿ ಹೋಗಿರಲಿಲ್ಲ.

ಜೊತೆಗೆ ಉಪ್ಪು, ಬೆಳ್ಳುಳ್ಳಿ ಹಾಕಿ ಹುರಿದ ಕುರಿಮಾಂಸ ಸಾಕು. ನಮ್ಮ ಮಸಾಲೆ ಅಡುಗೆಗೆ ಈ ಮೂರೂ ಬೇಡ. ಪಂದಿ ಕರಿಯ ಕಾಚಂಪುಳಿ ಹುಳಿ, ಖಾರದ ಮುಂದೆ ಹಳೆ ವೈನ್ ಬರೀ ನೀರು. ಅದಕ್ಕೆ ಎಳೆಯ ಸಿರಾ ಸಾಕು, ದುಡ್ಡೂ ಉಳಿಯುತ್ತದೆ. ಕುಡಿಯುವಾಗ 16ರಿಂದ 18 ಡಿಗ್ರಿ ಇರಲಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅಂದರೆ ಒಂದಷ್ಟು ಹೊತ್ತು ಫ್ರಿಜ್ಜಿಗೆ ಹೋಗಲೇಬೇಕು.

ನನ್ನ ಮನಸ್ಸು ಕೊರ್ನಾಸ್ ಕಡೆ ಹೋದರೂ, ಮೊದಲ ಸಲ ತರುವವರು ಸೇಂಟ್ ಎಮಿಲಿಯೋಂ ತನ್ನಿ. ತೆಗೆದ ತಕ್ಷಣ ಕೊಡುತ್ತದೆ, ನಾಲ್ಕು ಜನ ಇದ್ದರೆ ಸೊರಗುವ ಮೊದಲೇ ಖಾಲಿಯಾಗುತ್ತದೆ. ಇಬ್ಬರೇ ಕೂತು ಸಂಜೆಯೆಲ್ಲ ಕುಡಿಯುವುದಾದರೆ ಪೊಯಾಕ್. ಯಾವುದೇ ಆಗಲಿ, ಕೊಳ್ಳುವಾಗ ವೈನ್ ಬಾಟಲಿಯಲ್ಲಿ ಎಲ್ಲಿವರೆಗಿದೆ ಅಂತ ಬೆಳಕಿಗೆ ಹಿಡಿದು ನೋಡಿ. ಕತ್ತಿನ ಬುಡದವರೆಗೆ ಇದ್ದರೆ ಸರಿ. ಹೆಗಲ ನಡುವಿಗೆ ಇಳಿದಿದ್ದರೆ ಕಾರ್ಕ್ ಗಾಳಿ ಬಿಟ್ಟಿದೆ ಅಂತ ಲೆಕ್ಕ, ಎಷ್ಟು ಕಡಿಮೆ ಬೆಲೆ ಹೇಳಿದರೂ ಬೇಡ. ಪೂರ್ತಿ ಬಾಟಲಿ ದುಬಾರಿ ಅನ್ನಿಸಿದರೆ 375 ಮಿಲಿಯ ಅರ್ಧ ಬಾಟಲಿ ಕೇಳಿ. ಅದರಲ್ಲಿ ವೈನ್ ಬೇಗ ಹಳೆಯದಾಗುತ್ತದೆ, 2010ರದ್ದು ಸಿಕ್ಕರೂ ನಡೆಯುತ್ತದೆ.