ಆರ್‌ಎಸ್-485 ಮೀಟರ್‌ಗಳಿಗೆ ನಾನು ಬಳಸಿ ನೋಡಿದ ಮೂರು ಕನ್ವರ್ಟರ್‌ಗಳು

ನಮ್ಮ ಅಕ್ಕಿ ಗಿರಣಿಯ ಪ್ಯಾನೆಲ್‌ನಲ್ಲಿರುವ ನಾಲ್ಕು ಎನರ್ಜಿ ಮೀಟರ್‌ಗಳು ಮಾಹಿತಿ ಕಳುಹಿಸುವುದು ಆರ್‌ಎಸ್-485 ಎಂಬ ತಂತಿ ಸಂಪರ್ಕ ಪದ್ಧತಿಯಲ್ಲಿ. ಅವನ್ನು ಸುಮಾರು 70 ಮೀಟರ್ ದೂರದ ಕಚೇರಿ ಕಂಪ್ಯೂಟರಿಗೆ ಜೋಡಿಸಲು, ಆ ಸಂಕೇತವನ್ನು ಕಂಪ್ಯೂಟರಿನ ಪೋರ್ಟಿಗೆ ಹೊಂದುವಂತೆ ಬದಲಿಸುವ ಮೂರು ಕನ್ವರ್ಟರ್ ಕೊಂಡೆ. ಕೊನೆಗೆ ಕೊಂಡ ಐಸೊಲೇಟೆಡ್ (ಎರಡು ಬದಿಗಳ ನಡುವೆ ವಿದ್ಯುತ್ ಸಂಪರ್ಕವಿಲ್ಲದ) ಯುಎಸ್‌ಬಿ ಕನ್ವರ್ಟರನ್ನೇ ಮೊದಲು ಕೊಂಡಿದ್ದರೆ ಉಳಿದೆರಡರ ಹಣವೂ ಒಂದು ಭಾನುವಾರವೂ ಉಳಿಯುತ್ತಿದ್ದವು.

ಮೊದಲನೆಯದು, ಹಳೆಯ ಕಂಪ್ಯೂಟರಿನ ಒಂಬತ್ತು ಪಿನ್ನಿನ ಆರ್‌ಎಸ್-232 ಎಂಬ ಸೀರಿಯಲ್ ಪೋರ್ಟಿಗೆ ಸಿಕ್ಕಿಸಿ, ಅಲ್ಲಿಂದಲೇ ವಿದ್ಯುತ್ ಪಡೆಯುವ ಪುಟ್ಟ ಡಬ್ಬಿ. ವೋಲ್ಟೇಜ್ ಬದಲಿಸುವ ಕೆಲಸವನ್ನು ಅದು ಸರಿಯಾಗಿಯೇ ಮಾಡುತ್ತಿತ್ತು. ತೊಡಕು ಇದ್ದದ್ದು ಸರದಿಯಲ್ಲಿ. ಆರ್‌ಎಸ್-232ರಲ್ಲಿ ಕಳುಹಿಸಲು ಒಂದು ತಂತಿ, ಪಡೆಯಲು ಇನ್ನೊಂದು. ಎರಡು ತಂತಿಯ ಆರ್‌ಎಸ್-485ರಲ್ಲಾದರೆ ಎಲ್ಲ ಸಾಧನಗಳೂ ಒಂದೇ ಜೋಡಿಯ ಮೇಲೆ ಸರದಿಯಂತೆ ಮಾತನಾಡಬೇಕು. ಸರದಿ ಬಿಟ್ಟುಕೊಡುವ ಹೊಣೆಯನ್ನು ಈ ಡಬ್ಬಿ ಪೋರ್ಟಿನ ಆರ್‌ಟಿಎಸ್ ಎಂಬ ನಿಯಂತ್ರಣ ಪಿನ್ನಿಗೆ, ಎಂದರೆ ಕಂಪ್ಯೂಟರಿನ ತಂತ್ರಾಂಶಕ್ಕೆ ಒಪ್ಪಿಸಿತ್ತು.

ಪ್ರತಿ ಓದಿಗೂ ಸಿಆರ್‌ಸಿ ದೋಷ (ಬಂದ ಸಂದೇಶ ಕೆಟ್ಟಿದೆ ಎಂಬ ಸೂಚನೆ) ಬರತೊಡಗಿದಾಗ ನಾನು ಮೊದಲು ಅನುಮಾನಿಸಿದ್ದು ತಂತಿಗಳನ್ನು. ಜೋಡಿಯ ಎರಡು ತಂತಿಗಳಿಗೆ ಎ ಮತ್ತು ಬಿ ಎಂಬ ಗುರುತುಗಳನ್ನು ತಯಾರಕರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹಾಕುವುದರಿಂದ ಅವನ್ನು ಅದಲುಬದಲು ಮಾಡುತ್ತಲೇ ಅರ್ಧ ದಿನ ಕಳೆಯಿತು. ಬಂದ ಬೈಟ್‌ಗಳನ್ನು ಒಂದೊಂದಾಗಿ ನೋಡಿದ ಮೇಲೆ ನಿಜ ತಿಳಿಯಿತು: ಒಂಬತ್ತು ಬೈಟ್‌ಗಳ ಉತ್ತರದಲ್ಲಿ ಬಾಲ ಸರಿಯಾಗಿತ್ತು, ಮೀಟರಿನ ವಿಳಾಸವಿರಬೇಕಾದ ತಲೆಯೇ ಇರಲಿಲ್ಲ. 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಒಂದು ಬೈಟ್ ಸಾಗಲು ಸುಮಾರು 1 ಮಿಲಿಸೆಕೆಂಡ್ ಸಾಕು. ಈ ಮೀಟರ್‌ಗಳು ಮಾತನಾಡುವ ಮಾಡ್‌ಬಸ್ ಎಂಬ ಭಾಷೆಯ ನಿಯಮದಂತೆ ಮೂರೂವರೆ ಬೈಟ್‌ಗಳಷ್ಟು ಹೊತ್ತು, ಎಂದರೆ ಹೆಚ್ಚುಕಡಿಮೆ 4 ಮಿಲಿಸೆಕೆಂಡ್ ಮೌನವಿದ್ದರೆ ಮೀಟರು ಉತ್ತರಿಸತೊಡಗಬಹುದು. ನನ್ನ ತಂತ್ರಾಂಶ ಆರ್‌ಟಿಎಸ್ ಇಳಿಸಿ ಸರದಿ ಬಿಟ್ಟುಕೊಡುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೊತ್ತಾಗುತ್ತಿದ್ದುದರಿಂದ, ಮೀಟರು ಮಾತು ಆರಂಭಿಸಿದಾಗಲೂ ಡಬ್ಬಿ ತಂತಿಯನ್ನು ಹಿಡಿದುಕೊಂಡೇ ಇರುತ್ತಿತ್ತು.

ಉತ್ತರವನ್ನು 50 ಮಿಲಿಸೆಕೆಂಡ್ ತಡಮಾಡುವ ಸೌಲಭ್ಯ ಒಂದು ಮೀಟರಿನಲ್ಲಿತ್ತು, ಅದು ಕೂಡಲೇ ಓದಿಸಿಕೊಂಡಿತು. ಉಳಿದ ಮೂರು ಹಳೆಯವು. ಅವುಗಳಲ್ಲಿ ಆ ಆಯ್ಕೆಯೇ ಇರಲಿಲ್ಲ.

ಎರಡನೆಯದಾದ 250 ರೂಪಾಯಿಯ ಯುಎಸ್‌ಬಿ ಡಾಂಗಲ್, ಹೊರಡುವ ಬಿಟ್‌ಗಳನ್ನು ನೋಡಿ ತಾನೇ ದಿಕ್ಕು ಬದಲಿಸುತ್ತದೆ. ನಾಲ್ಕೂ ಮೀಟರ್‌ಗಳು ಮೊದಲ ಯತ್ನಕ್ಕೇ ಓದಿಸಿಕೊಂಡವು. ಆದರೆ ಹಲ್ಲರ್ ಮೋಟರು ಚಾಲೂ ಆದಾಗ ಕೆಲವೊಮ್ಮೆ ಪೋರ್ಟೇ ಮಾಯವಾಗುತ್ತಿತ್ತು, ಡಾಂಗಲನ್ನು ಕಿತ್ತು ಮತ್ತೆ ಸಿಕ್ಕಿಸಬೇಕಾಗುತ್ತಿತ್ತು. ಪ್ಯಾನೆಲ್ ಮತ್ತು ಕಚೇರಿಗಳ ಅರ್ಥ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಆ ಕ್ಷಣದಲ್ಲಿ ಏರುತ್ತಿದ್ದಿರಬೇಕು. ಆರ್‌ಎಸ್-485 ತಡೆದುಕೊಳ್ಳಬೇಕಾದದ್ದು −7ರಿಂದ +12 ವೋಲ್ಟ್‌ವರೆಗೆ ಮಾತ್ರ.

1,800 ರೂಪಾಯಿಯ ಮೂರನೆಯದರಲ್ಲಿ ಯುಎಸ್‌ಬಿ ಬದಿಗೂ ಮೀಟರ್ ಬದಿಗೂ ವಿದ್ಯುತ್ ಸಂಪರ್ಕವೇ ಇಲ್ಲ. ಎ, ಬಿ ಜೊತೆಗೆ ಗ್ರೌಂಡ್ ತಂತಿಯನ್ನೂ ಎಳೆದು, ಸಾಲಿನ ಎರಡೂ ತುದಿಗಳಿಗೆ 120 ಓಮ್ ರೆಸಿಸ್ಟರ್ ಹಾಕಿದೆ. ಹಾಕಿದಂದಿನಿಂದ ಅದನ್ನು ಮುಟ್ಟುವ ಪ್ರಸಂಗ ಬಂದಿಲ್ಲ.

ಆರ್‌ಎಸ್-485 ಸಂಕೇತ ಬದಲಿಸುವ ಮ್ಯಾಕ್ಸ್485 ಚಿಪ್ಪನ್ನು ಮೈಕ್ರೊಕಂಟ್ರೋಲರಿಗೆ ನೇರವಾಗಿ ಜೋಡಿಸುವುದು ಇನ್ನೂ ಅಗ್ಗ, ಆದರೆ ಪ್ರೋಗ್ರಾಂ ಬರೆಯುತ್ತಾ ಕೂರುವ ವ್ಯವಧಾನ ನನಗಿಲ್ಲ. ನಿಮಿಷಕ್ಕೊಮ್ಮೆ ಓದಿದರೆ ಸಾಕಾದ್ದರಿಂದ ವೇಗವನ್ನು ನಾನು ಹೋಲಿಸಲೇ ಇಲ್ಲ. ಒಂದೇ ಮೇಜಿನ ಮೇಲೆ ಎರಡು ಮೀಟರ್ ಉದ್ದದ ತಂತಿಯಲ್ಲಿ ಪರೀಕ್ಷಿಸುವವರಿಗೆ ಡಾಂಗಲ್ ಧಾರಾಳವಾಗಿ ಸಾಕು. ನನ್ನದನ್ನೂ ಈಗ ಅದಕ್ಕೇ ಇಟ್ಟುಕೊಂಡಿದ್ದೇನೆ.