ಅರ್ಜಿ ಸಂಖ್ಯೆ ಕೇಳದೆ ಲೈಸನ್ಸ್ ಕೊಟ್ಟೆ, ಕೆಟ್ಟೆ

ಮೊದಲು ಒಂದು ಕೆಲಸ ಮಾಡಿ. ಪರ್ಸಿನಿಂದ ನಿಮ್ಮ ಡ್ರೈವಿಂಗ್ ಲೈಸನ್ಸ್ ತೆಗೆದು, ಅದರ ಮೇಲಿರುವ ಕೊನೆ ತಾರೀಖು ನೋಡಿ. ನಾನು ಹದಿನೆಂಟು ವರ್ಷ ಅದನ್ನು ನೋಡಿರಲೇ ಇಲ್ಲ.

ನಾನು ಕಲಬುರಗಿಯವನು. ಗಂಜ್‌ನಲ್ಲಿ, ಅಂದರೆ ಇಲ್ಲಿನ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಯಾವ ರೈತನ ತೊಗರಿ ಯಾವತ್ತು ಬಂತು, ಯಾರ ರೊಕ್ಕ ಯಾವತ್ತು ಕೊಡಬೇಕು, ಎಲ್ಲಾ ತಾರೀಖು ನನ್ನ ಬಾಯಲ್ಲೇ ಇರುತ್ತದೆ. ನನ್ನದೇ ಲೈಸನ್ಸಿನ ತಾರೀಖು ಮಾತ್ರ ಗೊತ್ತಿರಲಿಲ್ಲ. ಅದನ್ನು ಮಾಡಿಸಿದ್ದು 2006ರಲ್ಲಿ. ಊರಿನ ಹೆಸರು 2014ರಲ್ಲೇ ಬದಲಾಯಿತು, ಲೈಸನ್ಸಿನ ಮೇಲೆ ಇನ್ನೂ ಗುಲ್ಬರ್ಗಾ ಅಂತಲೇ ಇತ್ತು. ಲೈಸನ್ಸ್ ಅಂದರೆ 20 ವರ್ಷ, ಅಂದರೆ 2026ರವರೆಗೆ ಚಿಂತೆ ಇಲ್ಲ ಅಂತ ನಾನು ಆರಾಮಾಗಿದ್ದೆ.

ಆದರೆ ಆಗಿನ ನಿಯಮ ಬರೀ 20 ವರ್ಷ ಅಲ್ಲ. 20 ವರ್ಷ ಅಥವಾ ನಿಮಗೆ 50 ತುಂಬುವ ದಿನ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ ಮಾತ್ರ. ನನಗೆ 50 ತುಂಬಿದ್ದು 2024ರ ಏಪ್ರಿಲ್ 11ಕ್ಕೆ. ಲೈಸನ್ಸ್ ಹಿಂದಿನ ದಿನವೇ ಮುಗಿದಿತ್ತು. ಮನೆಯವರು ಶಿರಾ ಮಾಡಿದ್ದರು. ನಾನು ಅದನ್ನು ತಿಂದು, ಲೈಸನ್ಸ್ ಇಲ್ಲದವನಾಗಿ ಸ್ಕೂಟರ್ ಹತ್ತಿ ಗಂಜ್‌ಗೆ ಹೋಗಿದ್ದೆ. ಆಮೇಲೆ ಒಂಬತ್ತು ತಿಂಗಳು ದಿನಾ ಹಾಗೇ ಹೋದೆ.

ಗೊತ್ತಾಗಿದ್ದು 2025ರ ಜನವರಿಯಲ್ಲಿ. ತಮ್ಮನ ಮಗನ ಬೈಕ್ ಸಾಲಕ್ಕೆ ಜಾಮೀನು ನಿಲ್ಲಬೇಕಿತ್ತು. ಝೆರಾಕ್ಸ್ ಅಂಗಡಿಯ ಹುಡುಗ ಲೈಸನ್ಸನ್ನು ತಿರುಗಿಸಿ ನೋಡಿ, "ಕಾಕಾ, ಇದು ಹೋದ ವರ್ಷಾನೇ ಮುಗದದಲ್ರಿ" ಅಂದ.

ಇಲ್ಲಿ ಕಾನೂನು ಸ್ವಲ್ಪ ಹೇಳಬೇಕು, ಯಾಕಂದರೆ ನನ್ನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಮೊದಲು ಲೈಸನ್ಸ್ ಮುಗಿದ ಮೇಲೂ 30 ದಿನ ರಿಯಾಯಿತಿ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅದನ್ನು ತೆಗೆದರು. ಹಾಗಾಗಿ ನನ್ನದು ಮುಗಿದ ಮರುದಿನದಿಂದಲೇ ನಾನು ಲೈಸನ್ಸ್ ಇಲ್ಲದವನು. ಅದರ ಬದಲಿಗೆ ಅರ್ಜಿ ಹಾಕಲು ಸಮಯ ಜಾಸ್ತಿ ಕೊಟ್ಟರು. ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದು ಒಂದು ವರ್ಷ ಆಗುವವರೆಗೆ ರಿನ್ಯೂವಲ್‌ಗೆ ಹಾಕಬಹುದು. ಆ ವರ್ಷವೂ ದಾಟಿದರೆ ಮತ್ತೆ ಗಾಡಿ ಓಡಿಸಿ ಟೆಸ್ಟ್ ಪಾಸಾಗಬೇಕು. ನನ್ನ ಲೆಕ್ಕದಲ್ಲಿ 2025ರ ಏಪ್ರಿಲ್ 10 ಕೊನೆ ದಿನ. ಕೈಯಲ್ಲಿ ಸುಮಾರು ಮೂರು ತಿಂಗಳಿತ್ತು.

ಬೇಕಾದಷ್ಟು ಸಮಯ, ಅಲ್ವಾ? ಆದರೆ ಜನವರಿ, ಫೆಬ್ರವರಿ ಅಂದರೆ ನಮಗೆ ತೊಗರಿ ಸುಗ್ಗಿ. ಗಂಜ್‌ನಲ್ಲಿ ತಲೆ ಎತ್ತಲು ಬಿಡುವಿರುವುದಿಲ್ಲ. ರಜೆ ಕೇಳಿದರೆ ಸಾಹುಕಾರರು ಮುಖ ನೋಡುತ್ತಾರೆ. ಹಾಗಾಗಿ ಝೆರಾಕ್ಸ್ ಹುಡುಗ ತೋರಿಸಿದ ಏಜೆಂಟ್ ಹತ್ತಿರ ಹೋದೆ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಒಂದು ಬ್ಯಾಗು, ಎರಡು ಮೊಬೈಲು. ಅಷ್ಟೇ ಅವನ ಆಫೀಸು. ಅವನು ಮಾತಿನಲ್ಲಿ ಬಹಳ ನಯ.

"ಕಾಕಾ, ನೀವು ಬರೋದೇ ಬ್ಯಾಡ್ರಿ. ಫೋಟೋ, ಆಧಾರ್ ಝೆರಾಕ್ಸ್, ಹಳೆ ಲೈಸನ್ಸ್ ಕೊಟ್ಟು ಹೋಗ್ರಿ. ಹದಿನೈದು ದಿನದಾಗ ಕಾರ್ಡ್ ಮನಿಗೇ ಬರ್ತದ."

"ಎಷ್ಟಾಗ್ತದಪ?"

"ಎಲ್ಲಾ ಕೂಡಿ ಮೂರು ಸಾವಿರ ಕೊಡ್ರಿ. ನಿಮ್ಮ ಕಡಿ ಜಾಸ್ತಿ ತಗೊಳಂಗಿಲ್ಲ."

ಆ 'ಎಲ್ಲಾ ಕೂಡಿ' ಅನ್ನುವ ಮಾತು ಕೇಳಿದರೆ ಅಲ್ಲೇ ನಿಲ್ಲಿ. ಕೇಂದ್ರದ ನಿಯಮದಲ್ಲಿ ರಿನ್ಯೂವಲ್‌ಗೆ 200 ರೂಪಾಯಿ, ಸ್ಮಾರ್ಟ್ ಕಾರ್ಡ್‌ಗೆ 200 ರೂಪಾಯಿ. ತಡವಾಗಿದ್ದರೆ ಅದರ ಮೇಲೆ ಬೇರೆ ಶುಲ್ಕ ಬೀಳುತ್ತದೆ, ನಿಜ. ಆದರೆ ಕಟ್ಟಿದ ಪ್ರತಿ ರೂಪಾಯಿಗೂ ರಶೀದಿ ಬರುತ್ತದೆ. ನಾನು ರಶೀದಿ ಕೇಳಿದಾಗ ಅವನು ಯಾರದೋ ವಿಸಿಟಿಂಗ್ ಕಾರ್ಡಿನ ಹಿಂದೆ ಬಾಲ್‌ಪೆನ್ನಲ್ಲಿ ಒಂದು ನಂಬರ್ ಗೀಚಿ ಕೊಟ್ಟ. "ಇದೇ ನಿಮ್ಮ ನಂಬರ್ ನೋಡ್ರಿ." ನಾನು ಅದನ್ನು ಜೋಪಾನವಾಗಿ ಪರ್ಸಿನಲ್ಲಿ, ಲೈಸನ್ಸ್ ಇದ್ದ ಜಾಗದಲ್ಲೇ ಇಟ್ಟುಕೊಂಡೆ. ಅಸಲಿ ಲೈಸನ್ಸ್ ಕೊಟ್ಟು ಚೀಟಿ ತಂದ ಜಾಣ ನಾನು.

ಇನ್ನೊಂದು ಗುರುತೂ ಅವತ್ತೇ ಕಂಡಿತ್ತು. 40 ದಾಟಿದವರು ಫಾರಂ 1ಎ ಕೊಡಬೇಕು. ಅದು ಡಾಕ್ಟರು ಪರೀಕ್ಷೆ ಮಾಡಿ ಸಹಿ ಹಾಕುವ ಆರೋಗ್ಯ ಪ್ರಮಾಣಪತ್ರ. "ಡಾಕ್ಟರ್ ಕಡಿ ಯಾವಾಗ ಹೋಗ್ಲಿ?" ಅಂತ ಕೇಳಿದರೆ, "ಅದೆಲ್ಲಾ ನಾ ಮಾಡಿಸ್ತೀನ್ರಿ, ನೀವು ಯಾಕ ತಲಿ ಕೆಡಿಸ್ಕೊಂತೀರಿ" ಅಂದ. ನನ್ನ ಕಣ್ಣು ಸರಿ ಇದೆ ಅಂತ ನನ್ನನ್ನೇ ನೋಡದೆ ಯಾವ ಡಾಕ್ಟರು ಬರೆದುಕೊಡುತ್ತಾರೆ? ಅವತ್ತು ಈ ಪ್ರಶ್ನೆ ನನಗೆ ಹೊಳೆಯಲಿಲ್ಲ. ಸುಮ್ನೆ ಖುಷಿಯಾಯಿತು, ಒಂದು ಸುತ್ತು ಉಳಿಯಿತಲ್ಲ ಅಂತ.

ಹದಿನೈದು ದಿನ ಆಯಿತು. ಫೋನ್ ಮಾಡಿದೆ. ಸರ್ವರ್ ಡೌನ್. ಮತ್ತೆ ಹತ್ತು ದಿನ. ನನ್ನದು ಹಳೆ ಲೈಸನ್ಸ್, ಕಂಪ್ಯೂಟರಿನಲ್ಲಿ ಡೇಟಾ ಇಲ್ಲ, ಏರಿಸಬೇಕು. ಈ ಮಾತು ಎಲ್ಲರ ವಿಷಯದಲ್ಲೂ ಸುಳ್ಳಲ್ಲ. ಹಳೇ ಕಾಲದ ಕೆಲವು ಲೈಸನ್ಸುಗಳ ವಿವರ ಸಾರಥಿ ಪೋರ್ಟಲ್‌ನಲ್ಲಿ, ಅಂದರೆ ಲೈಸನ್ಸ್ ಕೆಲಸದ ಸರ್ಕಾರಿ ವೆಬ್‌ಸೈಟಿನಲ್ಲಿ, ಇರುವುದಿಲ್ಲ, ಆರ್‌ಟಿಓನಲ್ಲಿ ಸೇರಿಸಬೇಕಾಗುತ್ತದೆ. ನನ್ನದು ಮಾತ್ರ ಅಲ್ಲಿ ಇತ್ತು, ಆಮೇಲೆ ನೋಡಿದೆವು. ಮಾರ್ಚ್ ಬಂತು. "ಕಾಕಾ, ಅಪ್ಪನ ಜಾತ್ರಿ ಅದಲ್ರಿ, ಯಾರು ಕೂಡ್ತಾರ ಆಫೀಸ್ನಾಗ?" ಶರಣಬಸವೇಶ್ವರರ ಹೆಸರು ಹೇಳಿದ ಮೇಲೆ ಕಲಬುರಗಿಯವನು ಏನು ಎದುರಾಡುತ್ತಾನೆ? ನಾನೂ ತೇರಿಗೆ ಹೋಗಿ ಬಂದೆ. ಜಾತ್ರೆ ಆದ ಮೇಲೆ ಮಾರ್ಚ್ ಎಂಡಿಂಗ್. ಅದಾದ ಮೇಲೆ ಯುಗಾದಿ, ಅದರ ಬೆನ್ನಿಗೇ ರಂಜಾನ್. ಏಪ್ರಿಲ್ ಬಂದರೆ ಬಿಸಿಲು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅದನ್ನೂ ಅವನು ಬಿಡಲಿಲ್ಲ. "ನಾ ಹೋಗೋದ್ರಾಗ ಬಂದ್ ಆಗಿರ್ತದ್ರಿ."

ಏಪ್ರಿಲ್ 8ಕ್ಕೆ ನಾನೇ ಮರದ ಕೆಳಗೆ ಹೋಗಿ ನಿಂತೆ. ಇನ್ನು ಎರಡೇ ದಿನ ಅಂತ ಹೇಳಿದೆ. ಅವನು ನಕ್ಕ. "ಅರ್ಜಿ ಅದಾಗ್ಲೇ ಹೋಗ್ಯಾದ್ರಿ ಕಾಕಾ. ಇನ್ನ ತಾರೀಖಿನ ಚಿಂತಿ ನಿಮಗ್ಯಾಕ?"

ನಾನು ಆಗಲೂ ಕಿಸೆಯಿಂದ ಆ ಚೀಟಿ ತೆಗೆದು ಪೋರ್ಟಲ್‌ನಲ್ಲಿ ಹಾಕಿ ನೋಡಿದ್ದರೆ ಸಾಕಿತ್ತು. ಎರಡು ದಿನ ಉಳಿದಿತ್ತು. ಮನೆಯಲ್ಲಿ ಕೂತೇ ಅರ್ಜಿ ಹಾಕಬಹುದಿತ್ತು. ಡಿಗ್ರಿ ಓದುವ ಮಗಳು ಪಕ್ಕದ ಕೋಣೆಯಲ್ಲೇ ಇದ್ದಳು. ಕೇಳಲಿಲ್ಲ. ಮಕ್ಕಳ ಮುಂದೆ ದಡ್ಡ ಅನ್ನಿಸಿಕೊಳ್ಳಲು ನಮ್ಮಂಥವರಿಗೆ ನಾಚಿಕೆ.

ಮೇ ಕೊನೆಯಲ್ಲಿ ವಾಟ್ಸಾಪ್‌ಗೆ ಒಂದು ಪಿಡಿಎಫ್ ಬಂತು. ನನ್ನ ಫೋಟೋ, ನನ್ನ ಹೆಸರು, ಕೆಎ 32ರಿಂದ ಶುರುವಾಗುವ ನನ್ನದೇ ನಂಬರು. ಕೊನೆ ತಾರೀಖು 2029. "ಕಾರ್ಡ್ ಪೋಸ್ಟ್‌ನಾಗ ಬರ್ತದ, ಅಲ್ಲಿ ತನಕ ಇದನ್ನೇ ತೋರ್ಸ್ರಿ." ನಾನು ಅದರ ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಶನ್ ಬೇರೆ ಮಾಡಿಸಿದೆ.

ಜೂನ್‌ನಲ್ಲಿ ರಿಂಗ್ ರೋಡ್ ಹತ್ತಿರ ಪೊಲೀಸರು ಗಾಡಿ ನಿಲ್ಲಿಸಿದರು. ಎದೆಯುಬ್ಬಿಸಿ ಲ್ಯಾಮಿನೇಶನ್ ಕೊಟ್ಟೆ. ಅವರು ಮೊಬೈಲಿನಲ್ಲಿ ನಂಬರ್ ಹಾಕಿದರು. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಮೊಬೈಲ್.

"ಯಜಮಾನ್ರ, ಇದರಾಗ 2024ಕ್ಕ ಮುಗದದಂತ ತೋರ್ಸ್ತದ. ನಿಮ್ಮ ಕೈಯಾಗ 2029 ಅದ. ಇದನ್ನ ಯಾರು ಮಾಡಿಕೊಟ್ರು?"

ನನ್ನ ಬಾಯಿ ಒಣಗಿತು. 51 ವರ್ಷದ ಜೀವನದಲ್ಲಿ ಪೊಲೀಸರ ಮುಂದೆ ಹಾಗೆ ನಿಂತಿರಲಿಲ್ಲ. ಹೆಲ್ಮೆಟ್ ತೆಗೆದೆ, ಅಲ್ಲಿ ನಿಂತಿದ್ದ ನಾಲ್ಕು ಜನ ಗುರುತು ಹಿಡಿದರು, ಅದು ಬೇರೆ. ನಡೆದದ್ದೆಲ್ಲ ಹೇಳಿದೆ. ಆ ಅಧಿಕಾರಿ ಒಳ್ಳೆಯವರು. ದಂಡ ಹಾಕಿದರು, ಆದರೆ ಪಕ್ಕಕ್ಕೆ ಕರೆದು ತಿಳಿಸಿ ಹೇಳಿದರು. ಅವಧಿ ಮುಗಿದ ಲೈಸನ್ಸಿಗೆ ದಂಡ ಕಟ್ಟಿ ಹೋಗಬಹುದು, ತಿದ್ದಿದ ಲೈಸನ್ಸ್ ತೋರಿಸಿದರೆ ಅದು ಕ್ರಿಮಿನಲ್ ಕೇಸು. ಸರ್ಕಾರದ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೆರೆದು ತೋರಿಸಿದ ಲೈಸನ್ಸ್ ಅಸಲಿಗೆ ಸಮ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಬರೀ ಚಿತ್ರ.

ಅವತ್ತು ಸ್ಕೂಟರನ್ನು ಮಗಳು ಬಂದು ಓಡಿಸಿಕೊಂಡು ಹೋದಳು. ನಾನು ಹಿಂದೆ ಕೂತಿದ್ದೆ.

ಮನೆಯಲ್ಲಿ ಅವಳು ಸಾರಥಿ ಪೋರ್ಟಲ್ ತೆರೆದು ಚೀಟಿಯ ನಂಬರ್ ಹಾಕಿದಳು. ಅಂಥ ಅರ್ಜಿಯೇ ಇಲ್ಲ. ಆಮೇಲೆ ಪಿಡಿಎಫ್ ನೋಡಿ ಇನ್ನೊಂದು ಮಾತು ಹೇಳಿದಳು. ಈಗಿನ ನಿಯಮದಲ್ಲಿ 50ರಿಂದ 55ರ ಒಳಗಿನವರಿಗೆ ಲೈಸನ್ಸ್ 60 ತುಂಬುವವರೆಗೆ ಸಿಗುತ್ತದೆ. 55 ದಾಟಿದವರಿಗೆ ಮಾತ್ರ ಐದೈದು ವರ್ಷ. ಅಂದರೆ ನನ್ನದು ಅಸಲಿಯಾಗಿದ್ದರೆ 2034 ಇರಬೇಕಿತ್ತು. ಅವನು ಹಳೆ ಕಾನೂನು ನೆನಪಿಟ್ಟುಕೊಂಡು 2029 ಹಾಕಿದ್ದ. ಸುಳ್ಳು ಮಾಡುವವನಿಗೆ ಕಾನೂನಾದರೂ ಗೊತ್ತಿರಬೇಕಲ್ಲ!

ಮರುದಿನ ಆರ್‌ಟಿಓ ಕೌಂಟರ್‌ಗೆ ನಾನೇ ಹೋದೆ. ವರ್ಷ ದಾಟಿದೆ, ಎಲ್‌ಎಲ್‌ನಿಂದ, ಅಂದರೆ ಕಲಿಯುವವರ ಲೈಸನ್ಸಿನಿಂದ ಶುರು ಮಾಡಿ, 30 ದಿನ ಬಿಟ್ಟು ಟೆಸ್ಟ್ ಕೊಡಿ ಅಂದರು. ಏಪ್ರಿಲ್ 10ರ ಒಳಗೆ ಬಂದಿದ್ದರೆ ಟೆಸ್ಟ್ ಇಲ್ಲದೆ ಆಗುತ್ತಿತ್ತು ಅಂತಲೂ ಹೇಳಿದರು. ಅದನ್ನು ಕೇಳುವಾಗ ಆದ ಸಂಕಟ ದಂಡ ಕಟ್ಟುವಾಗ ಆಗಿರಲಿಲ್ಲ.

ಏಜೆಂಟ್ ಮರದ ಕೆಳಗೆ ಇರಲಿಲ್ಲ. ಫೋನ್ ಸ್ವಿಚ್ ಆಫ್. ನಾನು ಫೋನ್‌ಪೇನಲ್ಲಿ ಹಣ ಹಾಕಿದ್ದೆ, ವಾಟ್ಸಾಪ್ ಮಾತುಕತೆ ಹಾಗೇ ಇತ್ತು. ಅದೇ ನಾನು ಮಾಡಿದ ಒಂದು ಒಳ್ಳೆ ಕೆಲಸ. ಎರಡರ ಪ್ರಿಂಟ್ ಇಟ್ಟು ಠಾಣೆಯಲ್ಲಿ ದೂರು ಕೊಟ್ಟೆ. ವಾರದಲ್ಲಿ ಯಾರದೋ ಕೈಯಲ್ಲಿ ಎರಡು ಸಾವಿರ ಮತ್ತು ನನ್ನ ಹಳೆ ಲೈಸನ್ಸ್ ವಾಪಸ್ ಕಳಿಸಿದ. ಉಳಿದ ಸಾವಿರ ಹೋಯಿತು. ದೂರು ವಾಪಸ್ ತಗೋ ಅಂತ ಮೂರು ಜನರಿಂದ ಹೇಳಿಸಿದ್ದಾನೆ. ತಗೊಂಡಿಲ್ಲ.

ಈ ಕಥೆ ಹೇಳಿದಾಗ ಯಾದಗಿರಿಯಲ್ಲಿರುವ ನನ್ನ ಷಡ್ಡಕ ಅವರದನ್ನು ಹೇಳಿದರು. ಅವರ ಏಜೆಂಟ್ ಅರ್ಜಿಯನ್ನೇನೋ ನಿಜವಾಗಿ ಹಾಕಿದ್ದ, ಆದರೆ ತನ್ನದೇ ಮೊಬೈಲ್ ನಂಬರ್ ಕೊಟ್ಟಿದ್ದ. ಓಟಿಪಿ, ಮೆಸೇಜು ಎಲ್ಲಾ ಅವನಿಗೇ. ವಿಳಾಸವೂ ಹಳೆ ಬಾಡಿಗೆ ಮನೆಯದು. ಸ್ಪೀಡ್ ಪೋಸ್ಟ್‌ನಲ್ಲಿ ಬಂದ ಕಾರ್ಡ್ ಅಲ್ಲಿ ಯಾರೂ ಇಲ್ಲ ಅಂತ ತಿರುಗಿ ಹೋಯಿತು. ಇವರಿಗೆ ಮೂರು ತಿಂಗಳು ಏನೂ ಗೊತ್ತಿಲ್ಲ.

ಹಾಗಂತ ಏಜೆಂಟರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಬಿಡುವಿಲ್ಲದವರು, ಓದು ಬಾರದವರು ಹೋಗಲೇಬೇಕಾಗುತ್ತದೆ. ಹೋದರೆ ನಿಮ್ಮ ಮೊಬೈಲ್ ನಂಬರೇ ಹಾಕಿಸಿ, ಅರ್ಜಿ ಸಂಖ್ಯೆ ಮೆಸೇಜಾಗಿ ನಿಮ್ಮ ಮೊಬೈಲಿಗೆ ಬಂದ ಮೇಲೆ ರೊಕ್ಕ ಕೊಡಿ. ಅಸಲಿ ಲೈಸನ್ಸ್ ಕೈ ಬಿಡಬೇಡಿ. ಅರ್ಜಿ ಸಂಖ್ಯೆ, ಹುಟ್ಟಿದ ತಾರೀಖು ಎರಡೂ ಇದ್ದರೆ ಪೋರ್ಟಲ್‌ನಲ್ಲಿ ಅದು ಎಲ್ಲಿಗೆ ಬಂದಿದೆ ಅಂತ ಯಾರು ಬೇಕಾದರೂ ನೋಡಿ ಹೇಳುತ್ತಾರೆ. ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ ರಿನ್ಯೂವಲ್ ಕೆಲಸ ಬಹುಪಾಲು ಮನೆಯಿಂದಲೇ ಆಗುತ್ತದೆ.

ಪೋರ್ಟಲ್ ಹುಡುಕುವಾಗಲೂ ಹುಷಾರು. ಗೂಗಲ್‌ನಲ್ಲಿ ಮೊದಲು ಬಂದದ್ದನ್ನೇ ಒತ್ತಬೇಡಿ. ಸರ್ಕಾರಿ ವಿಳಾಸ ಜಿಓವಿ ಡಾಟ್ ಇನ್ ಅಂತ ಕೊನೆಯಾಗುತ್ತದೆ, ಅಷ್ಟು ನೋಡಿಕೊಳ್ಳಿ. 'ಆರ್‌ಟಿಓ ಚಲನ್' ಅಂತ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಸೇರಿಸುವ ಫೈಲ್, ಮುಟ್ಟಲೇಬೇಡಿ, ಬ್ಯಾಂಕ್ ಖಾತೆ ಖಾಲಿಯಾಗುತ್ತದೆ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ನಾಳೆ ಅನ್ನದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡನೇ ಸಲ ಫಾರಂ 1ಎಗೆ ನಾನೇ ಡಾಕ್ಟರ್ ಹತ್ತಿರ ಹೋದೆ. 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದಾ ಅಂತ ಆ ಫಾರಂನಲ್ಲೇ ಒಂದು ಪ್ರಶ್ನೆ ಇದೆ. ಡಾಕ್ಟರು ಕಿಟಕಿಯಿಂದ ಹೊರಗೆ ನಿಂತ ಕಾರು ತೋರಿಸಿದರು. 3 ಅಂದೆ, ಅದು 8 ಆಗಿತ್ತು. ಹೊಸ ಕನ್ನಡಕ ಬಂದ ಮೇಲೆ ಸಹಿ ಸಿಕ್ಕಿತು. ಇಷ್ಟು ದಿನ ಆ ಕಣ್ಣಲ್ಲೇ ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ಗಾಡಿ ಓಡಿಸಿದ್ದೆ ನೋಡಿ.

ಟೆಸ್ಟ್ ದಿನ ನನ್ನ ಮುಂದೆ ಹಿಂದೆ ಎಲ್ಲಾ ಕಾಲೇಜು ಹುಡುಗರು. ಎಂಟು ಹಾಕುವಾಗ ಹಿಂದಿನಿಂದ ಒಬ್ಬ ಕೂಗಿದ, "ಕಾಕಾ, ಕಾಲು ನೆಲಕ್ಕ ಹಚ್ಚಬ್ಯಾಡ್ರಿ!" ಹಚ್ಚಲಿಲ್ಲ. ಪಾಸಾದೆ.

ಕಾರ್ಡ್ ಬಂದಿದೆ. ಅದರಲ್ಲಿ ಕಲಬುರಗಿ ಅಂತ ಇದೆ, ಕೊನೆ ತಾರೀಖು 2034ರ ಏಪ್ರಿಲ್. ಒಂದು ವರ್ಷ ಮೊದಲೇ ಹಾಕಬಹುದಲ್ಲ ಅಂತ ಮೊಬೈಲಿನಲ್ಲಿ 2033ರ ಏಪ್ರಿಲ್‌ಗೆ ನೆನಪಿನ ಗಂಟೆ ಇಡುತ್ತಿದ್ದೆ. ಮಗಳು ನೋಡಿ ನಕ್ಕಳು. "ಅಪ್ಪಾ, ಅಷ್ಟೊತ್ತಿಗಿ ಈ ಫೋನ್ ಇರ್ತದೇನು?"

ಹೌದಲ್ಲ ಅನ್ನಿಸಿತು. ತಿಜೋರಿ ಬಾಗಿಲಿನ ಒಳಗೆ, ಗ್ಯಾಸ್ ಬುಕ್ಕಿಂಗ್ ನಂಬರ್ ಬರೆದಿರುವ ಕಡೆ, ಪೆನ್ಸಿಲ್‌ನಲ್ಲಿ ಅದನ್ನೂ ಬರೆದಿದ್ದೇನೆ.